ಪಿಗ್ಮಿಯ ಊರಿನವರಿಗೆ ಪಿಂಚಣಿಯೂ ಇರಲಿ

ಸಂಪಾದಕರಿಗೆ,

ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ನಮ್ಮ ಉಡುಪಿಯಲ್ಲೇ. ಇಂದಿಗೂ ಬ್ಯಾಂಕಿನ ಪರವಾಗಿ ಈ ಹಣ ಸಂಗ್ರಹಿಸುವ ಪಿಗ್ಮಿಯವರು ಹೊಲಿಗೆ ಅಂಗಡಿ, ಗೂಡಂಗಡಿ, ಮೀನು ಮಾರುಕಟ್ಟೆ ಸುತ್ತುತ್ತಾರೆ. ಮೀನು ಮಾರುವ ಅಕ್ಕ ಕೈ ಒರೆಸಿಕೊಂಡು, ಸೊಂಟದ ಚೀಲದಿಂದ ಒದ್ದೆ ನೋಟು ತೆಗೆದು ಕೊಡುತ್ತಾರೆ. ಆದರೆ ಆ ಹಣ ವರ್ಷ ತುಂಬುವಷ್ಟರಲ್ಲಿ ಮಕ್ಕಳ ಫೀಸಿಗೋ ಮಳೆಗಾಲದ ಖರ್ಚಿಗೋ ಮುಗಿಯುತ್ತದೆ. ಸಂಬಳದವರಿಗೆ ಪಿಎಫ್ ಇದೆ. ಸ್ವಂತ ದುಡಿಮೆಯವರಿಗೆ ಅರುವತ್ತರ ನಂತರ ಏನು?

ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು ಸೇರಬಹುದು. ಆದಾಯ ತೆರಿಗೆ ಕಟ್ಟುವವರಿಗೆ ಅವಕಾಶವಿಲ್ಲ. 60ರ ನಂತರ ತಿಂಗಳಿಗೆ 5,000 ರೂ. ಬರಬೇಕೆಂದರೆ 18ಕ್ಕೆ ಸೇರಿದವರು ತಿಂಗಳಿಗೆ ಕಟ್ಟಬೇಕಾದ್ದು 210 ರೂ., 30ಕ್ಕೆ ಸೇರಿದರೆ 577 ರೂ. ತಡಮಾಡಿದಷ್ಟೂ ಹೊರೆ ಜಾಸ್ತಿ. ಮೂರು ಅಥವಾ ಆರು ತಿಂಗಳಿಗೊಮ್ಮೆ ಕಟ್ಟುವುದಕ್ಕೂ ಅವಕಾಶವಿದೆ. ಜೂನ್, ಜುಲೈಯಲ್ಲಿ ಬೋಟು ದಡ ಸೇರುವ ಮಲ್ಪೆಯ ಮೀನುಗಾರರಿಗೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ ಯಕ್ಷಗಾನ ಕಲಾವಿದರಿಗೆ ಇದೇ ದೊಡ್ಡ ಅನುಕೂಲ. ಇದನ್ನು ಕೂತು ಬಿಡಿಸಿ ಹೇಳುವವರೇ ಇಲ್ಲ! 40 ದಾಟಿದವರಿಗೆ ರಾಷ್ಟ್ರೀಯ ಪಿಂಚಣಿ ಯೋಜನೆಯಾದ ಎನ್‌ಪಿಎಸ್, ಸಾರ್ವಜನಿಕ ಭವಿಷ್ಯ ನಿಧಿಯಾದ ಪಿಪಿಎಫ್ ಇವೆ.

ನಮ್ಮ ಜನ ಬ್ಯಾಂಕಿನ ಕರಪತ್ರಕ್ಕಿಂತ ದಿನಾ ಬರುವ ಪಿಗ್ಮಿಯವರ ಮಾತನ್ನು ಹೆಚ್ಚು ನಂಬುತ್ತಾರೆ. ಆದ್ದರಿಂದ ಬ್ಯಾಂಕುಗಳು ಅವರಿಗೇ ಈ ಯೋಜನೆಗಳ ತರಬೇತಿ ಕೊಡಲಿ. ಗ್ರಾಹಕರು ಒಪ್ಪಿದರೆ ಪಿಗ್ಮಿ ಹಣದ ಒಂದು ಪಾಲು ನೇರವಾಗಿ ಪಿಂಚಣಿ ಖಾತೆಗೆ ಜಮೆಯಾಗುವ ವ್ಯವಸ್ಥೆ ಮಾಡಲಿ. ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಇದಕ್ಕೆ ಮುಂದಾಗಬೇಕು.

– ಓರ್ವ ಸ್ವಯಂ ಉದ್ಯೋಗಿ, ಉಡುಪಿ