ಜೀವಶಾಸ್ತ್ರದ ತರಗತಿಗಳಲ್ಲಿ ಡೊಬ್ಜಾನ್ಸ್ಕಿಯ ನೆನಪು ಉಳಿಯಲಿ

ಮಾನ್ಯ ಸಂಪಾದಕರೇ,

ಉಕ್ರೇನ್ ಎಂದೊಡನೆ ನಮ್ಮ ಕರಾವಳಿಯವರಿಗೆ ಈಗ ನೆನಪಾಗುವುದು ಯುದ್ಧ ಮತ್ತು 2022ರಲ್ಲಿ ಅಲ್ಲಿಂದ ಪಾರಾಗಿ ಊರು ಸೇರಿದ ವೈದ್ಯಕೀಯ ವಿದ್ಯಾರ್ಥಿಗಳು. ಅದೇ ನೆಲದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ, ಅಲ್ಲಿ ಪ್ರಾಧ್ಯಾಪಕರಾಗಿ ಜೀವವಿಕಾಸದ ಅಧ್ಯಯನದ ದಿಕ್ಕನ್ನೇ ಬದಲಿಸಿದ ಥಿಯೋಡೋಸಿಯಸ್ ಡೊಬ್ಜಾನ್ಸ್ಕಿ ತೀರಿಕೊಂಡು 2025ರ ಡಿಸೆಂಬರ್ 18ಕ್ಕೆ 50 ವರ್ಷ ತುಂಬಿತು. ನಾನು ಬಲ್ಲಂತೆ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಆ ದಿನವನ್ನು ಯಾರೂ ಗಮನಿಸಲಿಲ್ಲವಾದ್ದರಿಂದ, ಜೀವಶಾಸ್ತ್ರವನ್ನು ಬಹುಕಾಲ ಕಲಿಸಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ನೆಮಿರಿವ್ ಪಟ್ಟಣದಲ್ಲಿ 1900ರಲ್ಲಿ ಅವರ ಜನನ. ಮಕ್ಕಳಿಲ್ಲದೆ ನಡುವಯಸ್ಸು ತಲುಪಿದ್ದ ತಂದೆತಾಯಿ ಚೆರ್ನಿಹಿವ್‌ನ ಸಂತ ಥಿಯೋಡೋಸಿಯಸ್‌ನಲ್ಲಿ ಪ್ರಾರ್ಥಿಸಿದ ಬಳಿಕ ಹುಟ್ಟಿದ ಮಗನಿಗೆ ಆ ಸಂತನ ಹೆಸರನ್ನೇ ಇಟ್ಟರು. ಹರಕೆ ಹೊತ್ತು ಮಕ್ಕಳನ್ನು ಪಡೆದವರು ಮನೆಮನೆಯಲ್ಲಿರುವ ನಮ್ಮೂರಿಗೆ ಈ ಸಂಗತಿ ಅಪರಿಚಿತವೇನಲ್ಲ. ಬಾಲ್ಯದಲ್ಲಿ ಚಿಟ್ಟೆಗಳನ್ನು ಸಂಗ್ರಹಿಸುತ್ತಿದ್ದ ಹುಡುಗ, ಕೀವ್‌ನಲ್ಲಿ ಓದುತ್ತಿರುವಾಗ, ನಮ್ಮ ಅಲಸಂಡೆ ಬಳ್ಳಿಗಳಲ್ಲಿ ಹೇನು ತಿನ್ನುತ್ತ ಓಡಾಡುವ ಗುಲಗಂಜಿ ಹುಳುಗಳ ಬಂಧುಗಳನ್ನು ಅಭ್ಯಸಿಸತೊಡಗಿದರು. ಒಂದೇ ಪ್ರಭೇದದ ಹುಳುಗಳ ಬೆನ್ನಿನ ಬಣ್ಣ, ಚುಕ್ಕೆಗಳು ಪ್ರದೇಶದಿಂದ ಪ್ರದೇಶಕ್ಕೆ ಏಕೆ ಬದಲಾಗುತ್ತವೆ ಎಂಬ ಕುತೂಹಲ ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

1927ರ ಕೊನೆಯಲ್ಲಿ ವಿದ್ಯಾರ್ಥಿವೇತನವೊಂದರ ಬಲದಿಂದ ನ್ಯೂಯಾರ್ಕ್‌ಗೆ ಬಂದಿಳಿದ ಅವರು ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಾಲಯ ಸೇರಿದರು, ಮರುವರ್ಷ ಮಾರ್ಗನ್ ಜೊತೆಗೇ ಕ್ಯಾಲಿಫೋರ್ನಿಯಾಕ್ಕೆ ಹೋದರು. ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಅತ್ತ ಸೋವಿಯತ್ ಒಕ್ಕೂಟದಲ್ಲಿ ತಳಿವಿಜ್ಞಾನವನ್ನೇ ತಿರಸ್ಕರಿಸಿದ ಕೃಷಿತಜ್ಞ ಲೈಸೆಂಕೋನ ಪ್ರಭಾವ ಏರಿ, ಮಹಾನ್ ಸಸ್ಯವಿಜ್ಞಾನಿ ವವಿಲೋವ್ 1943ರಲ್ಲಿ ಸೆರೆಮನೆಯಲ್ಲೇ ಸತ್ತದ್ದನ್ನು ನೆನೆದರೆ, ಹೊರಗೆ ಉಳಿದ ಈ ವಿಜ್ಞಾನಿ ಯಾವ ಗತಿಯಿಂದ ತಪ್ಪಿಸಿಕೊಂಡರು ಎಂಬುದು ಅರ್ಥವಾಗುತ್ತದೆ. ಲೈಸೆಂಕೋನ ಪುಸ್ತಕವೊಂದನ್ನು ಸ್ವತಃ ಇಂಗ್ಲಿಷಿಗೆ ಅನುವಾದಿಸಿ, ಅದರ ಪೊಳ್ಳುತನವನ್ನು ಹೊರಗಿನ ವಿಜ್ಞಾನಿಗಳು ತಾವೇ ಓದಿ ತಿಳಿಯುವಂತೆ ಮಾಡಿದ್ದು ಅವರ ದಿಟ್ಟತನ.

ಮಾರ್ಗನ್ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳನ್ನು ಹಾಲಿನ ಬಾಟಲಿಗಳಲ್ಲಿ ಸಾಕಿ ಅನುವಂಶೀಯತೆಯ ನಿಯಮಗಳನ್ನು ಬಿಡಿಸಿದ್ದರು. ಡೊಬ್ಜಾನ್ಸ್ಕಿ ಅದೇ ಕುಲದ ನೊಣಗಳನ್ನು ಬೆಟ್ಟಗಳಲ್ಲಿ, ಮರುಭೂಮಿಯ ಅಂಚುಗಳಲ್ಲಿ ಹುಡುಕಿ ಹಿಡಿದರು. ಆ ನೊಣಗಳ ಕ್ರೋಮೋಸೋಮುಗಳಲ್ಲಿ, ಅಂದರೆ ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ಎಳೆಗಳಲ್ಲಿ, ಕೆಲವು ಭಾಗಗಳು ತಿರುಗುಮುರುಗಾಗಿ ಜೋಡಣೆಗೊಂಡಿರುತ್ತವೆ. ಈ ಜೋಡಣೆಗಳಿಂದ ನೊಣಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಮೊದಲು ಅವರೂ ಭಾವಿಸಿದ್ದರು. ಆದರೆ ಒಂದೇ ಸ್ಥಳದಲ್ಲಿ ತಿಂಗಳು ತಿಂಗಳೂ ನೊಣ ಹಿಡಿದು ನೋಡಿದಾಗ, ವಸಂತದಲ್ಲಿ ಹೆಚ್ಚಾಗಿದ್ದ ಜೋಡಣೆಯೊಂದು ಬೇಸಿಗೆ ಬರುವಷ್ಟರಲ್ಲಿ ಕಡಿಮೆಯಾಗಿ ಬಳಿಕ ಮತ್ತೆ ಏರುವುದು ಕಂಡಿತು. ಪರಿಸರಕ್ಕೆ ಹೊಂದುವ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುವ, ಯುಗಯುಗಗಳ ಸಂಗತಿ ಎಂದು ಪುಸ್ತಕಗಳು ಹೇಳುತ್ತಿದ್ದ ನೈಸರ್ಗಿಕ ಆಯ್ಕೆಯನ್ನು ಒಂದೇ ವರ್ಷದೊಳಗೆ ಎಣಿಸಿ ತೋರಿಸಬಹುದೆಂದಾಯಿತು. ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಕೊಡುಗೆ ಇದೇ. 1937ರಲ್ಲಿ ಪ್ರಕಟವಾಗಿ ಡಾರ್ವಿನ್ನರ ವಿಕಾಸ ಚಿಂತನೆಯನ್ನೂ ಮೆಂಡೆಲ್ಲರ ಅನುವಂಶೀಯತೆಯ ನಿಯಮಗಳನ್ನೂ ಬೆಸೆದ ಅವರ ಗ್ರಂಥದ ಖ್ಯಾತಿ ಇದಕ್ಕಿಂತ ಹೆಚ್ಚಿದ್ದರೂ, ನೊಣ ಹಿಡಿದು ಲೆಕ್ಕ ಇಟ್ಟ ಈ ಶ್ರಮ ನನಗೆ ಹೆಚ್ಚು ಪಾಠ ಹೇಳುತ್ತದೆ.

ನಮ್ಮ ತರಗತಿಗಳಿಗೆ ಅವರು ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ವಿಕಾಸದ ಪಾಠ ಮುಗಿಯುವ ಹೊತ್ತಿಗೆ ‘ಸರ್, ನೀವು ಇದನ್ನು ನಂಬುತ್ತೀರಾ?’ ಎಂದು ತಗ್ಗಿದ ದನಿಯಲ್ಲಿ ಕೇಳುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಿದ್ದರು. ದೇವಸ್ಥಾನಕ್ಕೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು ಎಲ್ಲರೂ ಅವರಲ್ಲಿದ್ದರು. ನೀಟ್ ಪರೀಕ್ಷೆಗಾಗಿ ಉತ್ತರ ಕಂಠಪಾಠ ಮಾಡಿ, ಮನಸ್ಸಿನೊಳಗೆ ಅದನ್ನು ಬೇರೆಯೇ ಇಟ್ಟುಬಿಡುವ ಈ ಅಭ್ಯಾಸಕ್ಕೆ ಡೊಬ್ಜಾನ್ಸ್ಕಿಯೇ ಒಳ್ಳೆಯ ಉತ್ತರ. ಆರ್ಥೊಡಾಕ್ಸ್ ಕ್ರೈಸ್ತ ಪರಂಪರೆಯ ಅವರು, ಶಿಕ್ಷಕರಿಗಾಗಿ 1973ರಲ್ಲಿ ಬರೆದ ಪ್ರಬಂಧದಲ್ಲಿ, ವಿಕಾಸದ ಬೆಳಕಿನಲ್ಲಿ ನೋಡದಿದ್ದರೆ ಜೀವಶಾಸ್ತ್ರದ ಯಾವುದಕ್ಕೂ ಅರ್ಥವಿಲ್ಲವೆಂದು ವಾದಿಸಿದರು. ಅಲ್ಲಿಯೇ, ಸೃಷ್ಟಿ ಎಂಬುದು ಎಂದೋ ನಡೆದು ಮುಗಿದ ಘಟನೆಯಲ್ಲ, ಈಗಲೂ ನಡೆಯುತ್ತಿರುವ ಪ್ರಕ್ರಿಯೆ ಎಂದೂ ಬರೆದರು. ಈ ನಿಲುವನ್ನು ಒಪ್ಪುವುದು ಬಿಡುವುದು ವಿದ್ಯಾರ್ಥಿಗೆ ಬಿಟ್ಟದ್ದು, ಆದರೆ ಇಂಥದೊಂದು ನಿಲುವು ಸಾಧ್ಯ ಎಂಬುದಾದರೂ ಅವನಿಗೆ ತಿಳಿಯಬೇಕು.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದುಹಾಕಿದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಪ್ರತಿಭಟಿಸಿ ಪತ್ರ ಬರೆದರು. ಆ ಪುಸ್ತಕ ಓದಿ ಪಿಯುಸಿಯಲ್ಲಿ ವಾಣಿಜ್ಯ ಅಥವಾ ಕಲಾ ವಿಭಾಗ ಸೇರುವ ಮಕ್ಕಳು ಈ ವಿಷಯವನ್ನು ತರಗತಿಯಲ್ಲಿ ಮತ್ತೆ ಕೇಳುವ ಸಂಭವ ಕಡಿಮೆ.

ಆದ್ದರಿಂದ ನಮ್ಮ ಜಿಲ್ಲೆಗಳ ಕಾಲೇಜುಗಳ ವಿಜ್ಞಾನ ಸಂಘಗಳು ಈ ವರ್ಷ ಡೊಬ್ಜಾನ್ಸ್ಕಿಯ ಆ ಪ್ರಬಂಧವನ್ನು ಕನ್ನಡದಲ್ಲಿ ಓದಿ ಚರ್ಚಿಸುವ ಏರ್ಪಾಡು ಮಾಡಲಿ, ಪಿಲಿಕುಳದ ವಿಜ್ಞಾನ ಕೇಂದ್ರವು ಅದಕ್ಕೆ ಪ್ರೌಢಶಾಲಾ ಶಿಕ್ಷಕರನ್ನೂ ಕರೆಯಲಿ ಎಂದು ಕೋರುತ್ತೇನೆ. ಹಣ್ಣಿನ ನೊಣಗಳ ತಳಿಗಳನ್ನು ಕಾಪಾಡುವ ರಾಷ್ಟ್ರೀಯ ಕೇಂದ್ರ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಇರುವುದರಿಂದ, ಮಾತನಾಡಲು ಬಲ್ಲವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪ್ರಬಂಧ ಕೆಲವೇ ಪುಟಗಳದ್ದು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಉಡುಪಿ