ಜಿಲ್ಲಾಸ್ಪತ್ರೆಯ ಇಸಿಟಿ ಕೊಠಡಿಗೆ ಅರಿವಳಿಕೆ ತಜ್ಞರನ್ನು ಕೊಡಿ

ಮಾನ್ಯರೇ,

ತೀವ್ರ ಮನೋರೋಗಕ್ಕೆ ಮಿದುಳಿಗೆ ಸ್ವಲ್ಪ ವಿದ್ಯುತ್ ಹಾಯಿಸಿ ಸೆಳವು ಬರಿಸುವ, ಊರಿನವರು ‘ಕರೆಂಟ್ ಕೊಡುವುದು’ ಎನ್ನುವ ಇಸಿಟಿ ಚಿಕಿತ್ಸೆಯನ್ನು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಯಾರಿಗೂ ಕೊಡಕೂಡದು ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 95 ಹೇಳುತ್ತದೆ. ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಇಷ್ಟು ವರ್ಷವಾದರೂ ನಮ್ಮ ಭಾಗದ ಜಿಲ್ಲಾಸ್ಪತ್ರೆಯೊಂದರಲ್ಲಿ ಇಸಿಟಿ ಯಂತ್ರ ಬೀರುವಿನೊಳಗೆ ಕುಳಿತಿದೆ. ಮನೋವೈದ್ಯರಿದ್ದಾರೆ, ದಾದಿಯರಿದ್ದಾರೆ, ಚಿಕಿತ್ಸೆ ಬೇಕಾದ ರೋಗಿಗಳೂ ಇದ್ದಾರೆ. ವಾರದಲ್ಲಿ ಕೆಲವು ಬೆಳಗಿನ ಹೊತ್ತು ಬಂದು ನಿಲ್ಲುವ ಅರಿವಳಿಕೆ ತಜ್ಞರು ಮಾತ್ರ ಇಲ್ಲ.

ನಾನು ಸೇವೆಯ ಬಹುಪಾಲನ್ನು ಸರ್ಕಾರಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಕಳೆದು ನಿವೃತ್ತಳಾದ ಶುಶ್ರೂಷಾಧಿಕಾರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ಡೈರೆಕ್ಟ್’ ಇಸಿಟಿಯನ್ನು, ಅಂದರೆ ಅರಿವಳಿಕೆಯಿಲ್ಲದೆ ಕೊಡುವುದನ್ನು, ಕಣ್ಣಾರೆ ಕಂಡಿದ್ದೇನೆ. ಭುಜಕ್ಕೊಬ್ಬರು, ಸೊಂಟಕ್ಕೊಬ್ಬರು, ಮೊಣಕಾಲಿಗೊಬ್ಬರು ಹಿಡಿದುಕೊಳ್ಳಬೇಕು. ಹಲ್ಲುಗಳ ನಡುವೆ ಬಟ್ಟೆಯ ಸುರುಳಿ ಇಟ್ಟು ಇನ್ನೊಬ್ಬರು ಗದ್ದವನ್ನು ಒತ್ತಿ ಹಿಡಿಯಬೇಕು. ಸೆಳೆತದ ರಭಸಕ್ಕೆ ದವಡೆ ಜಾರುವ, ಬೆನ್ನುಮೂಳೆ ಬಿರುಕು ಬಿಡುವ ಭಯ ಪ್ರತಿ ಸಲವೂ ಇರುತ್ತಿತ್ತು. ಹೊರಗೆ ಬೆಂಚಿನ ಮೇಲೆ ತಮ್ಮ ಸರದಿಗೆ ಕಾದು ಕುಳಿತವರಿಗೆ ಒಳಗಿನ ಸದ್ದೆಲ್ಲ ಕೇಳುತ್ತಿತ್ತು. ಜನರ ಮನಸ್ಸಿನಲ್ಲಿ ಈ ಚಿಕಿತ್ಸೆಯ ಬಗ್ಗೆ ಇಂದಿಗೂ ಉಳಿದಿರುವ ಹೆದರಿಕೆ ಅಲ್ಲಿಂದ ಬಂದದ್ದು. ಅದನ್ನು ನಿಷೇಧಿಸಿದ ಕಾನೂನಿಗೆ ನಾನು ಮನಃಪೂರ್ವಕವಾಗಿ ಕೈಮುಗಿಯುತ್ತೇನೆ.

ಈಗಿನ ಇಸಿಟಿ ಹಾಗಿಲ್ಲ. ರೋಗಿ ಹಿಂದಿನ ರಾತ್ರಿಯಿಂದ ಉಪವಾಸವಿರಬೇಕು. ತಲೆಯಲ್ಲಿ ಎಣ್ಣೆಯ ಪಸೆ ಇರಬಾರದು, ಇದ್ದರೆ ಎಲೆಕ್ಟ್ರೋಡ್ ಸರಿಯಾಗಿ ಹತ್ತುವುದಿಲ್ಲ. ಕಟ್ಟಿಸಿಕೊಂಡ ಹಲ್ಲು ತೆಗೆಸಿ, ಒಡವೆಗಳನ್ನೆಲ್ಲ ಮನೆಯವರ ಕೈಗೆ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇವೆ. ತಾಳಿ ತೆಗೆಯಲೊಪ್ಪದ ತಾಯಂದಿರ ಜೊತೆ ಮೆಲ್ಲನೆ ಮಾತನಾಡಿ ಒಪ್ಪಿಸುವುದೂ ದಾದಿಯ ಕೆಲಸವೇ. ಮಲಗಿಸಿ ನಿದ್ದೆಯ ಮದ್ದು ಕೊಟ್ಟ ಮೇಲೆ, ರಕ್ತದೊತ್ತಡ ನೋಡುವ ಪಟ್ಟಿಯನ್ನು ಒಂದು ಕಾಲಿಗೆ ಬಿಗಿದು, ಫ್ರಿಜ್ಜಿನಿಂದ ತಂದ ಸ್ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ಕೊಡುತ್ತಾರೆ. ಪಟ್ಟಿ ಬಿಗಿದ ಕಡೆ ಆ ಔಷಧ ಇಳಿಯುವುದಿಲ್ಲ. ಹಾಗಾಗಿ ಮಿದುಳಿನಲ್ಲಿ ಸೆಳವು ನಡೆಯುವಾಗ ಇಡೀ ಮೈ ಸುಮ್ಮನಿರುತ್ತದೆ, ಆ ಒಂದು ಪಾದ ಮಾತ್ರ ಅದುರುತ್ತದೆ. ಗಡಿಯಾರ ನೋಡುತ್ತಾ ಅದನ್ನು ಲೆಕ್ಕ ಹಾಕುತ್ತೇವೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅಷ್ಟು ಹೊತ್ತೂ, ಆಮೇಲೆ ಉಸಿರು ತಾನಾಗಿ ಮರಳುವವರೆಗೂ, ರೋಗಿಯ ತಲೆಯ ಬಳಿ ಆಮ್ಲಜನಕ ಕೊಡುತ್ತಾ ನಿಂತಿರುವವರು ಅರಿವಳಿಕೆ ತಜ್ಞರು. ಅವರಿಲ್ಲದೆ ಈ ಚಿಕಿತ್ಸೆ ಇಲ್ಲ.

ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು 1938ರಲ್ಲಿ ಮೊದಲು ಪ್ರಯೋಗಿಸಿದ ಈ ಪದ್ಧತಿ ಇನ್ನೂ ಏಕೆ ಬೇಕು ಎಂದು ಕೇಳುವವರಿದ್ದಾರೆ. ಅನ್ನ ನೀರು ಬಿಟ್ಟು ಕಲ್ಲಿನಂತೆ ಕುಳಿತ ಕ್ಯಾಟಟೋನಿಯಾ ರೋಗಿಗೆ ಮೊದಲು ಲೋರಾಜೆಪಾಮ್ ಎಂಬ ಔಷಧ ಕೊಟ್ಟು ನೋಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಉಳಿಯುವ ದಾರಿ ಇದು. ಸಾಯಲೇಬೇಕೆಂದು ಹಟ ಹಿಡಿದ ತೀವ್ರ ಖಿನ್ನತೆಯವರಿಗೆ, ಮಾತ್ರೆ ಕೆಲಸ ಮಾಡುವವರೆಗೆ ವಾರಗಟ್ಟಲೆ ಕಾಯುವ ವ್ಯವಧಾನವಿಲ್ಲದವರಿಗೆ ಇದರಷ್ಟು ಬೇಗ ಫಲ ಕೊಡುವ ಚಿಕಿತ್ಸೆ ವಿರಳ. ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಒಂದು ಲಕ್ಷ ಬಾರಿ ಇಸಿಟಿ ಕೊಟ್ಟರೆ ಸುಮಾರು ಎರಡು ಸಾವು.

ನಮ್ಮ ಬೀದಿಯ ಕುಟುಂಬವೊಂದರ ಮಗಳು ಇತ್ತೀಚೆಗೆ ಬಾಣಂತನದಲ್ಲಿ ಹೀಗೆ ಮೌನವಾದಳು. ಮಗುವನ್ನು ಪಕ್ಕದಲ್ಲಿ ಮಲಗಿಸಿದರೆ ನೋಡುತ್ತಿರಲಿಲ್ಲ. ಬಾಯಿಗೆ ಇಟ್ಟ ಗಂಜಿ ಹಾಗೇ ಹೊರಗೆ ಸುರಿಯುತ್ತಿತ್ತು. ಗಂಡನ ಮನೆಯವರು ದೃಷ್ಟಿ ತೆಗೆಸಿದರು, ದೇವರ ಗದ್ದಿಗೆಗೆ ಕರೆದೊಯ್ದರು, ಕೊನೆಗೆ ಜಿಲ್ಲಾಸ್ಪತ್ರೆಗೆ ಬಂದರು. ಅಲ್ಲಿಯ ಮನೋವೈದ್ಯರು ತಕ್ಷಣ ಗುರುತಿಸಿದರು. ಚುಚ್ಚುಮದ್ದಿಗೆ ಜಗ್ಗದಿದ್ದಾಗ ಇಸಿಟಿ ಬೇಕೆಂದರು. ಆದರೆ ಅರಿವಳಿಕೆ ತಜ್ಞರು ಸಿಸೇರಿಯನ್ ಮತ್ತು ತುರ್ತು ಶಸ್ತ್ರಚಿಕಿತ್ಸೆ ಬಿಟ್ಟು ಬರುವಂತಿಲ್ಲ ಎಂಬ ಉತ್ತರ ಬಂತು. ಅವರದೂ ತಪ್ಪಲ್ಲ, ಹೆರಿಗೆಯ ಮೇಜಿನ ಮೇಲಿರುವ ಜೀವವನ್ನು ಬಿಟ್ಟು ಯಾರು ಬರುತ್ತಾರೆ? ರೆಫರ್ ಚೀಟಿ ಬರೆದುಕೊಟ್ಟರು.

ಮೂಗಿಗೆ ನಳಿಕೆ ಹಾಕಿದ ಬಾಣಂತಿಯನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಹೋದರು. ಕೂಸನ್ನು ಅಜ್ಜಿಯ ಬಳಿ ಪುಡಿ ಹಾಲಿನ ಮೇಲೆ ಬಿಟ್ಟರು. ಗಂಡ ಗಾರೆ ಕೆಲಸದವನು, ಕೂಲಿ ನಿಂತಿತು. ಒಂದು ಕೋರ್ಸ್ ಎಂದರೆ ಸಾಮಾನ್ಯವಾಗಿ 6ರಿಂದ 12 ಸಲ, ವಾರಕ್ಕೆ ಎರಡು ಮೂರರಂತೆ. ಅಷ್ಟೂ ದಿನ ಅಪರಿಚಿತ ಊರಿನಲ್ಲಿ ಇರಬೇಕು. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ಇಸಿಟಿ ಇದೆ, ನಿಜ. ಕಾರಿನ ಬಾಡಿಗೆ, ತಂಗುವ ಖರ್ಚು, ಹೋದ ಕೂಲಿ ಯಾವ ಪಟ್ಟಿಯಲ್ಲಿದೆ? ಹುಡುಗಿ ಚೇತರಿಸಿಕೊಂಡು ಬಂದಿದ್ದಾಳೆ, ಮಗುವಿಗೆ ತಾನೇ ಎಣ್ಣೆ ಹಚ್ಚಿ ಎರೆಯುತ್ತಾಳೆ. ಮನೆಯವರು ಸಾಲದಲ್ಲಿದ್ದಾರೆ.

ಇಸಿಟಿಯ ಪರವಾಗಿ ಮಾತನಾಡುವವರು ಮರೆವಿನ ವಿಷಯವನ್ನು ಹಗುರವಾಗಿ ತೇಲಿಸುವುದು ನನಗೆ ಒಪ್ಪಿಗೆಯಿಲ್ಲ. ಎಚ್ಚರವಾದ ಮೇಲೆ ಕೆಲಹೊತ್ತಿನ ಗೊಂದಲ ಬೇಗ ಹೋಗುತ್ತದೆ. ಆದರೆ ಚಿಕಿತ್ಸೆಗೆ ಹಿಂದಿನ ತಿಂಗಳುಗಳ ಕೆಲವು ನೆನಪುಗಳು ಕೆಲವರಿಗೆ ಮರಳುವುದೇ ಇಲ್ಲ. ನಾನು ಆರೈಕೆ ಮಾಡಿದ ಶಿಕ್ಷಕಿಯೊಬ್ಬರು ತಮ್ಮನ ಮದುವೆಯ ಫೋಟೊದಲ್ಲಿ ತಾವೇ ಆರತಿ ತಟ್ಟೆ ಹಿಡಿದು ನಿಂತದ್ದನ್ನು ಕಂಡು, ‘ನಾನು ಹೋಗಿದ್ದೆನೇ ಸಿಸ್ಟರ್?’ ಎಂದು ಕೇಳಿ ಅತ್ತರು. ಎಲೆಕ್ಟ್ರೋಡನ್ನು ತಲೆಯ ಒಂದೇ ಬದಿಗೆ ಇಡುವುದರಿಂದ, ವಿದ್ಯುತ್ತನ್ನು ಕಿರು ಮಿಡಿತಗಳಲ್ಲಿ ಕೊಡುವ ಹೊಸ ಯಂತ್ರ ಬಳಸುವುದರಿಂದ ಈ ತೊಂದರೆ ತಗ್ಗುತ್ತದೆ. ಇದನ್ನೆಲ್ಲ ರೋಗಿಗೂ ಮನೆಯವರಿಗೂ ಸಹಿ ಹಾಕುವ ಮೊದಲೇ ಹೇಳಬೇಕು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು ಅದೇ ಕಾಯ್ದೆ ಹೇಳಿರುವಾಗ, ಇಂಗ್ಲಿಷ್ ನಮೂನೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ಹದಿನೆಂಟು ತುಂಬದವರಿಗಂತೂ ಪಾಲಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಪೂರ್ವಾನುಮತಿಯೂ ಬೇಕು.

ಬ್ರಿಟನ್ನಿನಲ್ಲಿ ಇಸಿಟಿ ಸರ್ಕಾರಿ ಆರೋಗ್ಯ ಸೇವೆಯ ಭಾಗ. ಯಾವ ರೋಗಕ್ಕೆ, ಯಾವ ಹಂತದಲ್ಲಿ ಕೊಡಬೇಕೆಂದು ಅಲ್ಲಿ 2003ರಲ್ಲೇ ರಾಷ್ಟ್ರೀಯ ಮಾರ್ಗಸೂಚಿ ಬಂತು. ಮನೋವೈದ್ಯರ ರಾಯಲ್ ಕಾಲೇಜು ಇಸಿಟಿ ಕೊಠಡಿಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ವ್ಯವಸ್ಥೆ ನಡೆಸುತ್ತದೆ. ನಮ್ಮಲ್ಲಿ ಇದು ಆಗದ ಕೆಲಸವೇನಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಮನೋರೋಗದ ಚಿಕಿತ್ಸೆ ಜಿಲ್ಲೆಯಲ್ಲೇ ಸಿಗಬೇಕೆಂದು ದೇಶಕ್ಕೆ ತೋರಿಸಿಕೊಟ್ಟ ರಾಜ್ಯದ ರೋಗಿಗಳು ರೆಫರ್ ಚೀಟಿ ಹಿಡಿದು ರಾಜಧಾನಿಗೆ ಹೋಗುವಂತಾಗಿರುವುದು ನನಗೆ ಸಂಕಟ ತರುತ್ತದೆ.

ಆರೋಗ್ಯ ಇಲಾಖೆಯನ್ನು ನಾನು ಕೇಳುವುದಿಷ್ಟೇ. ಮನೋವೈದ್ಯರಿರುವ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವಾರಕ್ಕೆ ಕನಿಷ್ಠ ಎರಡು ಬೆಳಿಗ್ಗೆ ಇಸಿಟಿಗೆಂದೇ ಅರಿವಳಿಕೆ ತಜ್ಞರನ್ನು ನಿಗದಿಪಡಿಸಲಿ. ಅದೇ ಊರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೆ ಅಲ್ಲಿಂದ ಸರದಿಯಂತೆ ಕಳುಹಿಸಲಿ, ಇಲ್ಲದಿದ್ದರೆ ಗೌರವಧನ ಕೊಟ್ಟು ಖಾಸಗಿಯವರನ್ನು ಕರೆಸಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಯಾವ ಆಸ್ಪತ್ರೆಯಲ್ಲಿ ಎಷ್ಟು ಮಂದಿಗೆ ಇಸಿಟಿ ಆಯಿತು, ಎಷ್ಟು ಮಂದಿಯನ್ನು ಅರಿವಳಿಕೆ ತಜ್ಞರಿಲ್ಲವೆಂದು ಬೇರೆಡೆಗೆ ಕಳುಹಿಸಲಾಯಿತು ಎಂಬುದನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ವರ್ಷಕ್ಕೊಮ್ಮೆ ಪ್ರಕಟಿಸಲಿ. ಯಂತ್ರ ಮೊದಲೇ ಇರುವ ಆಸ್ಪತ್ರೆಗಳಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಬಜೆಟ್‌ಗೂ ಕಾಯಬೇಕಿಲ್ಲ. ಮುಂದಿನ ತಿಂಗಳ ಕರ್ತವ್ಯ ಪಟ್ಟಿಯಲ್ಲೇ ಆರಂಭಿಸಬಹುದು.

— ನಿವೃತ್ತ ಶುಶ್ರೂಷಾಧಿಕಾರಿ, ಹುಬ್ಬಳ್ಳಿ