ಬೇರೆಯದೇ ಪ್ರಾರ್ಥನೆ ಮಾಡಿದೆ

ಪ್ರಿಯ ಗೆಳೆಯ,

ನಿನ್ನ ಮೆಸೇಜ್ ರಾತ್ರಿ ಹನ್ನೊಂದಕ್ಕೆ ನೋಡಿದೆ. "ಸಹಿ ಹಾಕದ್ದಕ್ಕೆ ಶುರುವಾದ ಈ ಗಲಾಟೆ ಒಮ್ಮೆ ಮುಗಿದರೆ ಸಾಕು, ಪ್ರಾರ್ಥನೆ ಮಾಡು ಮಾರಾಯ" ಅಂದಿದ್ದೆ. ಮಾಡಿದೆ. ಆದರೆ ನೀನು ಹೇಳಿದ್ದನ್ನು ಕೇಳಲಿಲ್ಲ. ಬೈಬೇಡ, ಪೂರ್ತಿ ಓದು.

ಎಂಟು ವರ್ಷದ ಹಿಂದೆ ನಮ್ಮ ಆಫೀಸಿನ ಅಟೆಂಡರ್ ಮೇಲೆ ಕಳ್ಳತನದ ಆರೋಪ ಬಂತು. ದುಡ್ಡು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಮೀಟಿಂಗ್‌ಗೆ ಮುಂಚೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಪ್ರಾರ್ಥಿಸಿದೆ: ದೇವರೇ, ನನ್ನನ್ನು ಯಾರೂ ಏನೂ ಕೇಳದಿರಲಿ. ಕೇಳಲಿಲ್ಲ! ಇಷ್ಟು ಬೇಗ ಫಲಿಸಿದ ಪ್ರಾರ್ಥನೆ ನನ್ನ ಬದುಕಲ್ಲಿ ಇನ್ನೊಂದಿಲ್ಲ. ಆ ಮನುಷ್ಯ ಬುತ್ತಿಚೀಲ, ಕೊಡೆ ಎತ್ತಿಕೊಂಡು ಹೊರಟ. ಹೊರಗೆ ಆಷಾಢದ ಮಳೆ. ಕೈಯಲ್ಲಿದ್ದ ಕೊಡೆ ಬಿಚ್ಚಲೇ ಇಲ್ಲ, ನೆನೆಯುತ್ತಾ ಗೇಟು ದಾಟಿದ.

ಬೈಬಲಿನ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯ ನೆನಪಿದೆಯಾ? ಸಂಡೇ ಸ್ಕೂಲಲ್ಲಿ ನೀನೇ ಪೇತ್ರನ ವೇಷ ಹಾಕಿದ್ದೆ, ಗಡ್ಡ ಕಳಚಿ ಬಿದ್ದಿತ್ತು. ಯೇಸುವಿನ ಹೆಸರೆತ್ತಬೇಡಿ ಎಂದು ಯೆಹೂದ್ಯರ ಹಿರೀಸಭೆಯವರು ಅವನ ಶಿಷ್ಯರಾದ ಪೇತ್ರನಿಗೂ ಯೋಹಾನನಿಗೂ ಗದರಿಸಿ ಕಳಿಸುತ್ತಾರೆ. ಇವರು ಬಂದು ತಮ್ಮವರ ಜೊತೆ ಪ್ರಾರ್ಥನೆಗೆ ನಿಲ್ಲುತ್ತಾರೆ. ನಾನಾಗಿದ್ದರೆ "ಅವರ ಬಾಯಿ ಮುಚ್ಚಿಸಪ್ಪಾ" ಅನ್ನುತ್ತಿದ್ದೆ. 29ನೇ ವಚನದಲ್ಲಿ ಅವರು ಕೇಳುವುದು ಧೈರ್ಯವಾಗಿ ಮಾತಾಡುವ ಶಕ್ತಿ. ಬೆದರಿಕೆ ಹಾಕಿದ್ದನ್ನು ನೋಡಿಕೋ ಎಂದಷ್ಟೇ ಹೇಳಿ ಅದನ್ನು ಅಲ್ಲಿಗೇ ಬಿಡುತ್ತಾರೆ. ಬೆದರಿಕೆ ನಿಲ್ಲಲೂ ಇಲ್ಲ. ಮುಂದಿನ ಅಧ್ಯಾಯದಲ್ಲೇ ಏಟು ತಿನ್ನುತ್ತಾರೆ. ಇದೇ ಪೇತ್ರ ಅಲ್ವಾ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ "ಅವನು ಯಾರೋ ಗೊತ್ತಿಲ್ಲ" ಅಂದವನು? ಅದಕ್ಕೇ ನನಗೆ ಅವನ ಮೇಲೆ ಪ್ರೀತಿ ಜಾಸ್ತಿ.

ಇಲ್ಲಿ ಮಂಗಳೂರಿನಲ್ಲಿ ಪುರಭವನದ ಎದುರು ಬಸ್ಸು ನಿಂತಾಗೆಲ್ಲ ಕುದ್ಮುಲ್ ರಂಗರಾವ್ ಹೆಸರು ಓದುತ್ತೇನೆ. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಒಂದು ಕಡೆ ಶಾಲೆ ಮುಚ್ಚಿದರೆ ಇನ್ನೊಂದು ಕಡೆ ತೆರೆದರು. ಬ್ರಹ್ಮ ಸಮಾಜದವರು, ನಮ್ಮ ಚರ್ಚಿನವರಲ್ಲ. ಆ ದಿನಗಳಲ್ಲಿ ಅವರು ರಾತ್ರಿ ಏನು ಬೇಡಿಕೊಳ್ಳುತ್ತಿದ್ದರೋ, ಕೇಳಬೇಕು ಅನ್ನಿಸುತ್ತದೆ.

ನೀನು ಸುಳ್ಳು ಲೆಕ್ಕಕ್ಕೆ ಸಹಿ ಹಾಕಲಿಲ್ಲ, ಅಷ್ಟೇ. ಅದಕ್ಕೆ ಊಟಕ್ಕೆ ಒಬ್ಬನೇ ಕೂರುವ ಹಾಗಾಯಿತು. ಆ ಬೆದರಿಕೆ ಫೋನುಗಳು ನಿಲ್ಲಲಿ ಎಂದು ನನಗೂ ಆಸೆಯಿದೆ, ಸುಳ್ಳು ಹೇಳುವುದಿಲ್ಲ. ಆದರೆ ಬೇಡಿದ್ದು ಬೇರೆ: ಭಾನುವಾರದ ಮಹಾಸಭೆಯಲ್ಲಿ ನಿನ್ನ ಹೆಸರು ಕರೆದಾಗ ಎದ್ದು ನಿಲ್ಲುವಷ್ಟು ಕಾಲಿನಲ್ಲಿ ಬಲವಿರಲಿ. ಗಂಟಲು ಒಣಗಬಹುದು, ನೀರಿನ ಬಾಟಲಿ ಇಟ್ಟುಕೋ.

ಶನಿವಾರ ಸಂಜೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ ಬರುತ್ತೇನೆ. ಸಭೆಗೆ ಒಳಗೆ ಬಿಡದಿದ್ದರೆ ಹೊರಗೆ ಜಗಲಿಯಲ್ಲಿ ಕೂರುತ್ತೇನೆ. ರಾತ್ರಿಗೆ ಗಂಜಿ, ಒಣಮೀನಿನ ಚಟ್ನಿ ಸಾಕು.

ನಿನ್ನವನೇ